ಕುಂಬಳಕಾಯಿಯ ಲೆಕ್ಕ

ಬೆಳೆ ಹಬ್ಬದ ಹರಾಜಿನಲ್ಲಿ ನೀನು
ಮೂರೂವರೆ ಸಾವಿರಕ್ಕೆ ಕೂಗಿದೆಯಲ್ಲ ದೇವದಾನಣ್ಣ,
ಮುಟ್ಟಿದರೆ ಕೈಗೆ ಬೂದಿ ಮೆತ್ತುವ ಆ ಕುಂಬಳಕಾಯಿ,
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಲವತ್ತಕ್ಕೆ ಸಿಗುತ್ತಿತ್ತು.
ಗೊತ್ತಿದ್ದೂ ಕೈ ಎತ್ತಿದೆ,
ಲಗೇಜ್ ಆಟೋದ ಎರಡು ಕಂತು ಬಾಕಿ ಇಟ್ಟುಕೊಂಡು,
ನಾನು ಜಪಾನಿಗೆ ಹೋಗಿ ಸುವಾರ್ತೆ ಸಾರಲಿ ಅಂತ.

ನಿನ್ನೆ ಆರಾಧನೆಯಲ್ಲಿ ಸಾಕ್ಷಿ ಹೇಳಿದೆ.
ಮೈಕು ಕಿರುಚಿತು, ಯಾರೋ ಎದ್ದು ಸರಿಮಾಡಿದರು.
ದೇವರು ಅಲ್ಲಿ ಮಹತ್ಕಾರ್ಯ ಮಾಡಿದರು ಅಂದೆ.
ಸಭೆಯೆಲ್ಲ ಆಮೆನ್ ಅಂದಿತು.
ಅಮ್ಮಣ್ಣ ಆಯರು ಶಾಲು ಹೊದಿಸಿದರು.
ಹಿಂದಿನ ಬೆಂಚಿನಲ್ಲಿ ನೀನು
ಎರಡೂ ಕೈಯೆತ್ತಿ ಸ್ತೋತ್ರ ಹೇಳಿದ್ದು ಕಂಡಿತು.
ರಾತ್ರಿ ನಿದ್ದೆ ಹತ್ತಲಿಲ್ಲ.
ಅದಕ್ಕೇ ಈ ಲೆಕ್ಕ, ನಿನಗೊಬ್ಬನಿಗೆ.

ಹನ್ನೊಂದು ದಿನ. ಹೋಗಿಬರುವ ದಾರಿ ಕಳೆದರೆ ಏಳು.
ಹೊಕ್ಕೈಡೋದ ಸಣ್ಣ ಊರು,
ಮೇ ತಿಂಗಳಲ್ಲೂ ಚರ್ಚಿನ ಹಿಂದೆ
ಕಪ್ಪಾದ ಹಿಮದ ಗುಡ್ಡೆ.
ಚರ್ಚೆಂದರೆ ನಮ್ಮ ಸಂಡೇಸ್ಕೂಲ್ ಕೋಣೆಯಷ್ಟು.
ಕುರ್ಚಿ ಹದಿನಾಲ್ಕು, ಜನ ಒಂಬತ್ತು.
ಖಾಲಿ ಐದಕ್ಕೂ ಕೈಹೊಲಿಗೆಯ ದಿಂಬು,
ದಿಂಬಿನ ಮೂಲೆಯಲ್ಲಿ ನೀಲಿ ದಾರದ ಹೆಸರು.
ತೀರಿಕೊಂಡವರದು. ತೆಗೆದಿಲ್ಲ.
ಅಂಥದ್ದೊಂದರ ಮೇಲೆ ನನ್ನನ್ನು ಕೂರಿಸಿದರು.

ಒಯ್ದ ಕರಪತ್ರ ನಾಲ್ಕು ನೂರು.
ವಾಪಸು ತಂದದ್ದು ಮುನ್ನೂರ ತೊಂಬತ್ತು.
ರೈಲು ನಿಲ್ದಾಣದಲ್ಲಿ ಒಬ್ಬಾತ
ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿದ. ನಾನೂ ಬಗ್ಗಿದೆ.
ಅವನು ಮತ್ತೆ ಬಗ್ಗಿದ, ನಾನೂ.
ಮೊದಲು ಯಾರು ನಿಲ್ಲಿಸಬೇಕೋ ತಿಳಿಯದೆ
ಇಬ್ಬರ ರೈಲೂ ಹೋಯಿತು.

ನಾಲ್ಕನೇ ದಿನ ದುಭಾಷಿಗೆ ಜ್ವರ.
ಕಿನುಯೋ ಅಜ್ಜಿ, ಎಂಬತ್ತಾರು,
ತೋಳು ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದಳು.
ಸಾಲಾಗಿ ಕ್ರೇಟು. ಆಲೂಗಡ್ಡೆ.
ಕೈಗೊಂದು ಚಾಕು ಕೊಟ್ಟಳು.

ಶಾಂತಿಗ್ರಾಮದಲ್ಲಿ ಹುಟ್ಟಿದವಳಿಗೆ, ಅಣ್ಣ,
ಬಿತ್ತನೆಗಡ್ಡೆ ಕೊಯ್ಯುವುದನ್ನು ಯಾರು ಕಲಿಸಬೇಕು?
ಹೋಳಿಗೊಂದು ಕಣ್ಣು ಉಳಿಯಬೇಕು,
ಕೊಯ್ದ ಮೈಗೆ ಬೂದಿ.
ಅಲ್ಲೂ ಬೂದಿಯೇ, ಹಳೇ ಬಿಸ್ಕತ್ ಡಬ್ಬಿಯಲ್ಲಿ.
ಮೂರು ಹೋಳು ನೋಡಿದಳು.
ಆಮೇಲೆ ಕ್ರೇಟನ್ನೇ ನನ್ನ ಕಡೆ ತಳ್ಳಿದಳು.

ಗಡ್ಡೆಯ ಕಣ್ಣು ಮುಟ್ಟಿ 'ಮೆ' ಅಂದಳು.
ತನ್ನ ಕಣ್ಣು ಮುಟ್ಟಿ ಮತ್ತೆ 'ಮೆ'.
ನಾನು ಗಡ್ಡೆ ಮುಟ್ಟಿ ಕಣ್ಣು ಅಂದೆ,
ನನ್ನದು ಮುಟ್ಟಿ ಕಣ್ಣು ಅಂದೆ.
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು,
ಕೈ ತೆಗೆದಾಗ ತುಟಿಯ ಮೇಲೆ ಬೂದಿ.
ಮೂರು ದಿನ ಇದೇ ಕೆಲಸ.
ಇದೇ ನನ್ನ ಸೇವೆ. ಬೇರೆ ಏನೂ ನಡೆಯಲಿಲ್ಲ.

ಟೀ ಹೊತ್ತಿಗೆ ಮಾತ್ರ
ಅಜ್ಜಿ ಕಣ್ಣು ಮುಚ್ಚಿ ಉದ್ದಕ್ಕೆ ಪ್ರಾರ್ಥಿಸುತ್ತಿದ್ದಳು.
ಆ ಮಾತಿನ ಹೊಳೆಯಲ್ಲಿ ನನಗೆ ಸಿಕ್ಕಿದ್ದು ಒಂದೇ ಕಲ್ಲು:
ಹಾ-ಸಾನ್. ಹಾ-ಸಾನ್.
ಹೆಸರಿನ ಮುಂದೆ ಸಾನ್ ಅಂದರೆ ಅವರಲ್ಲಿ
ನಮ್ಮ ಅಣ್ಣ, ಅಮ್ಮ, ಅವರು ಇದ್ದಂತೆ.
ನಮ್ಮೂರನ್ನು ಅಜ್ಜಿ
ಹುಷಾರಿಲ್ಲದ ಯಾರೋ ಒಬ್ಬರು ಅಂದುಕೊಂಡಿದ್ದಳೋ ಏನೋ.
ತಿದ್ದಲಿಲ್ಲ ನಾನು.

ಯಾರ ದಿಂಬಿನ ಮೇಲೆ ಕೂತಿದ್ದೆ ಅಂತಲೂ
ಕೇಳದೆ ಬಂದೆ. ಅದೊಂದು ಬಾಕಿ.

ವರದಿಯ ಹಾಳೆಯಲ್ಲಿ ಒಂದು ಖಾನೆ ಇದೆ,
ರಕ್ಷಣೆ ಹೊಂದಿದವರ ಸಂಖ್ಯೆ.
ಆಯರು ಗುರುವಾರದೊಳಗೆ ಕೇಳಿದ್ದಾರೆ.
ಪೆನ್ನು ಹಿಡಿದು ಕೂತರೆ
ಉಗುರಿನ ಸಂದಿಯೇ ಕಾಣುತ್ತದೆ.

ಈಗ ನಮ್ಮಲ್ಲೂ ಬಿತ್ತನೆ.
ಜಲಂಧರದ ಗಡ್ಡೆಮೂಟೆ ಹೊತ್ತು ನಿನ್ನ ಆಟೋ
ಬಿ.ಎಂ. ರಸ್ತೆಯಲ್ಲಿ ಬೆಳಗಿನಿಂದ ಓಡುತ್ತಿದೆ,
ನೋಡಿದೆ, ಕೂಗಲಿಲ್ಲ.

ಆ ಕುಂಬಳಕಾಯಿ ಏನು ಮಾಡಿದೆ, ದೇವದಾನಣ್ಣ?
ಹುಳಿ ಮಾಡಿದಿರಾ,
ಇಲ್ಲ, ಇನ್ನೂ ಮಂಚದ ಕೆಳಗೇ ಇದೆಯಾ?