ಕುರ್ವಕ್ಕೆ ಬರುವವರಿಗೆ

ಬಸ್ಸು ಇಲ್ಲಿಗೆ ಮುಗಿಯಿತು. ಮುಂದೆ ಕೃಷ್ಣೆ,
ಅಂಬಿಗರ ಹುಸೇನಪ್ಪನ ಹರಿಗೋಲು:
ಆಳಿಗೆ ಇಪ್ಪತ್ತು, ಆಡಿಗೆ ಹತ್ತು,
ಸ್ಕೂಟರು ಮಲಗಿಸಿದರೆ ಐವತ್ತು.

ಆಚೆ ದಡದಲ್ಲಿ ಖಾಜಾಬಿಯ ಟಿವಿಎಸ್.
ಬ್ರೇಕಿನ ಮಾತು ಬೇಡ.
ಬೀಗವೂ ಇಲ್ಲ. ಕದ್ದವನು ಎಲ್ಲಿಗೆ ಒಯ್ದಾನು?
ಯಾವ ದಾರಿ ಹಿಡಿದರೂ
ನೀರಿಗೇ ಬಂದು ನಿಲ್ಲುತ್ತದೆ.

ನಡೆಯುವುದಾದರೆ ಬಂಡೆ ಕಾಯುವ ಮುಂಚೆ,
ಭತ್ತದ ಬದುವಿಗುಂಟ,
ಚಪ್ಪಲಿ ಕೈಯಲ್ಲಿ.

ಕ್ಯಾಮೆರಾ ಕೊರಳಿನವರೊಬ್ಬರು ಕೇಳಿದರು:
‘ನಿನಗೊಂದು ಗಾಡಿ ಇಲ್ಲವೇನಪ್ಪ?’

ಹುಸೇನಪ್ಪ ಹುಟ್ಟು ಕಂಕುಳಿಗಿಟ್ಟ,
ಹರಿಗೋಲು ಮಗುಚಿ
ತಲೆಮೇಲೆ ಹೊತ್ತು ದಿಬ್ಬ ಹತ್ತಿದ.
ಒಳಗಿನಿಂದ ದನಿ ಮಾತ್ರ ಬಂತು:

‘ಹಗಲೆಲ್ಲಾ ನಾ ಇದ್ರಾಗ,
ಸಂಜಿಗೆ ಇದು ನನ್ನ ಮ್ಯಾಲ.
ಬಾಡಿಗಿ ಮಾತ್ರ
ಒಂದಿನಾನೂ ಕೊಟ್ಟಿಲ್ಲ ನೋಡ್ರಿ.’