ಹನ್ನೆರಡು ದಾಟಿ ನಾಲ್ಕು

ಕರೆಂಟು ಹೋಗಿ ಬಂದಿತ್ತು, ಅಷ್ಟೆ.
ಅಚಾವೊ ಬಂದರಿನ ತೂಕದ ಕೋಣೆಯಲ್ಲಿ
ಸೌದೆ ಒಲೆ, ಒದ್ದೆ ಉಣ್ಣೆಯ ವಾಸನೆ,
ಒಂದು ಪರದೆಗೆ ಹತ್ತು ಜನರ ಮುತ್ತಿಗೆ.
ಪರದೆಯ ಮೂಲೆಯಲ್ಲಿ: ಜನವರಿ ಒಂದು, ಸಾವಿರದೊಂಬೈನೂರ ಎಪ್ಪತ್ತು,
ನಡುರಾತ್ರಿ ಕಳೆದು ಇಪ್ಪತ್ತು ನಿಮಿಷ.
ಕಿಟಕಿಯಾಚೆ ಮಾರ್ಚಿನ ಬೂದು ಮಧ್ಯಾಹ್ನ.
‘ಹೊಸ ವರ್ಷದ ಶುಭಾಶಯ’ ಅಂದ ಯಾರೋ.
ಯಾರೂ ನಗಲಿಲ್ಲ.

ನೀರು ಕೆಂಪಾಗಿದೆ, ಹನ್ನೆರಡರ ಮೇಲೆ
ಚಿಪ್ಪು ಕೊಳ್ಳಕೂಡದು ಎಂದು ಮೇಲಿನ ಆಜ್ಞೆ.
ರೊಸಮೇಲನ ನಲವತ್ತು ಚೀಲ ನೀಲಿಚಿಪ್ಪು
ತಕ್ಕಡಿ ಏರಿದ್ದು ಮುಂಚೆಯೋ, ಆಮೇಲೋ?
ಮುಂಚೆ, ಎಂದ ಅವನ ಭಾವ.
ಆಮೇಲೆ, ಎಂದ ಭಾವನ ಜೊತೆ ಮಾತು ಬಿಟ್ಟವನು.
ಚೀಟಿ ಮಾತ್ರ ಹೇಳುತ್ತಿತ್ತು: ಡಿಸೆಂಬರ್ ಮೂವತ್ತೊಂದು, ಅರವತ್ತೊಂಬತ್ತು,
ರಾತ್ರಿ ಒಂಬತ್ತು ಹದಿನಾಲ್ಕು.

ದೋಣಿ ಇಳಿದು ನೇರ ಬಂದಿದ್ದೆ,
ಜೇಬಿನಲ್ಲೊಂದು ಸ್ಕ್ರೂಡ್ರೈವರ್.
ಟೈಮ್‌ಝೋನ್ ಸರಿಯಿತ್ತು.
ಇಂಟರ್ನೆಟ್ಟಿನ ಕದ ತಟ್ಟಿದೆ, ಗಂಟೆ ಎಷ್ಟು ಎಂದು.
ನನ್ನ ಸರ್ಟಿಫಿಕೇಟು ಇನ್ನೂ ಹುಟ್ಟಿಲ್ಲ,
ಐವತ್ತು ವರ್ಷ ಬಿಟ್ಟು ಬಾ, ಎಂದಿತು ಅದು.

‘ಆರಿಸಿ ಹಾಕಿದರೆ ಸರಿಹೋದೀತು’ ಎಂದು
ಒಬ್ಬ ಗುಂಡಿಗೆ ಕೈಚಾಚಿದ.
ಮಣಿಕಟ್ಟು ಹಿಡಿದುಕೊಂಡೆ.
ಈಗ ಗಂಟೆ ಎಷ್ಟೆಂದು ಈ ಲಿನಕ್ಸಿಗೆ ಗೊತ್ತಿಲ್ಲ,
ತಾನು ಎದ್ದು ಎಷ್ಟು ಹೊತ್ತಾಯಿತೆಂದು ಗೊತ್ತು.
ಆರಿಸಿದರೆ ಅದೂ ಹೋಯಿತು.

ಒಂದೇ ಪದ ಟೈಪಿಸಿದೆ.
ಮೂರು ಗಂಟೆ ಇಪ್ಪತ್ತು ನಿಮಿಷ, ಎಂದಿತು
ಸ್ವಲ್ಪವೂ ತಡವರಿಸದೆ.
ನನ್ನ ಕೈಗಡಿಯಾರದಲ್ಲಿ ಮೂರು ಹತ್ತು.
ಎದುವಿನಾ ಚೀಟಿಯ ಬೆನ್ನಮೇಲೆ ಕಳೆದಳು: ಹನ್ನೊಂದು ಐವತ್ತು.
ಹದಿನಾಲ್ಕು ಕೂಡಿಸಿದಳು.
ಪೆನ್ಸಿಲು ಅಲ್ಲೇ ನಿಂತಿತು.

ನಾಲ್ಕು ನಿಮಿಷ.
ಒಲೆಯೊಳಗೆ ಸೌದೆಯೊಂದು ಮಗ್ಗುಲಾಯಿತು.
ರೊಸಮೇಲ್ ಕೇಳಿದ, ಬಹಳ ಮರ್ಯಾದೆಯಿಂದ:
‘ನಿಮ್ಮ ಗಡಿಯಾರ ಸರಿಯಿದೆಯೇ, ಮೇಡಂ?’

ಇಲ್ಲ ಎನ್ನಬಹುದಿತ್ತು.
ಬಾಯಿ ತೆರೆದೂ ಇದ್ದೆ, ಏನು ಹೇಳಲೆಂದೋ;
ಆಗ ಕೆಳಗೆ ಕೂಗಿತು ಮೂರೂಕಾಲರ ದೋಣಿ,
ಮುಳ್ಳಿಗೆ ಮುಳ್ಳು ಕೂಡಿ.

ಚೀಲಗಳನ್ನು ಹೊತ್ತು ಹೊರಗಿಟ್ಟರು.
ಭಾವನೊಡನೆ ಮಾತು ಬಿಟ್ಟವನೂ ಒಂದು ತುದಿ ಹಿಡಿದ.
ಆಮೇಲೆ ಯಂತ್ರ ಆರಿಸಿ ಮುಚ್ಚಳ ಬಿಚ್ಚಿದೆ:
ನಾಣ್ಯದಗಲದ ಬ್ಯಾಟರಿ, ಎಲ್ಲ ಮಲಗಿದಾಗ
ಕತ್ತಲಲ್ಲಿ ಎಣಿಸುತ್ತ ಕೂರುವುದೇ ಅದರ ಕೆಲಸ;
ಯಾವಾಗಲೋ ಎಣಿಕೆ ಬಿಟ್ಟು ತಣ್ಣಗಾಗಿತ್ತು.
ಹೊಸದನ್ನು ಒತ್ತಿ ಕೂರಿಸಿದೆ, ದಿನಾಂಕ ಬರೆದೆ,
ಹಾರ್ಡ್‌ವೇರಿನ ಗಡಿಯಾರಕ್ಕೂ ಅದನ್ನೇ ಒಪ್ಪಿಸಿದೆ.

ತೂಕದ ಕಡತದಲ್ಲಿ ಈಗಲೂ
ಆ ಸಾಲಿನ ಕೆಳಗೆ ತಕ್ಷಣ ಈ ಮಾರ್ಚು,
ನಡುವೆ ಒಂದು ಗೆರೆಯ ಜಾಗವೂ ಇಲ್ಲ.
ಮೇಲೆ, ವರ್ಷದ ಕಡೇ ರಾತ್ರಿ,
ಯಾರೂ ಕಡಲಿಗೆ ಬೀಗ ಹಾಕದ ಕಾಲದಲ್ಲಿ,
ರೊಸಮೇಲ್, ನಲವತ್ತು ಚೀಲ, ಸ್ವೀಕರಿಸಿದೆ.
ಅದನ್ನು ನಾನು ತಿದ್ದಲಿಲ್ಲ.