ಹತ್ತು ಗೂಡಿನ ಹಲಗೆ

ಮೇ ಅರ್ಧ ಕಳೆದರೂ
ಟನಾನಾ ಕಣಿವೆಯಲ್ಲಿ ನೆಲ ಇನ್ನೂ ಬಾಯಿ ಬಿಟ್ಟಿಲ್ಲ.
ಗುದ್ದಲಿ ಒಂದು ಗೇಣು ಇಳಿಯುತ್ತದೆ, ಆಮೇಲೆ
ಟಣ್.
ಕಲ್ಲಲ್ಲ, ಮಂಜುಗಡ್ಡೆ.
ನನ್ನಜ್ಜಿಯ ಅಜ್ಜಿ ಹುಟ್ಟುವ ಮೊದಲೇ ಹೆಪ್ಪುಗಟ್ಟಿ
ಕರಗುವುದನ್ನು ಮರೆತೇಬಿಟ್ಟ ನೀರು.
"ಅದರ ಜೊತೆ ಹಟ ಬೇಡ ಥೀಡಾ," ಎಂದ ಓರಿನ್,
"ಕೆಳಗೆ ಅಗೆಯಬೇಡ, ಮೇಲಕ್ಕೆ ಕಟ್ಟು."

ಕಟ್ಟಲು ಹಲಗೆ ಬೇಕಲ್ಲ.
ಅಂಗಡಿ ಎಪ್ಪತ್ತು ಮೈಲಿ, ಬೆಲೆ ಕೇಳಿದರೆ ಜ್ವರ.
ಮನೆಯ ಹಿಂದೆ ಹನ್ನೊಂದು ಗೂಡು ಸಾಲಾಗಿ ನಿಂತಿವೆ,
ಸ್ಪ್ರೂಸ್ ಮರದ್ದು, ನಾನೇ ಮೊಳೆ ಹೊಡೆದದ್ದು,
ಜಾರುಬಂಡಿ ಎಳೆದ ನಾಯಿಗಳಿಗೆ.
ಹತ್ತು ಖಾಲಿ.
ಹನ್ನೊಂದನೆಯದರಲ್ಲಿ ಟಸ್ಕ್,
ಹದಿನಾಲ್ಕು ವರ್ಷದ ಮುದುಕ, ಒಂದು ಕಣ್ಣಿಗೆ ಪೊರೆ.
ಸುತ್ತಿಗೆಯ ಸದ್ದಿಗೆ ಎದ್ದು ನಿಂತ,
ಪಟ್ಟಿ ಕಟ್ಟು, ಹೊರಡೋಣ, ಎನ್ನುವಂತೆ.

ಮೊಳೆ ಕೀಳುವುದು ಹೊಡೆಯುವುದಕ್ಕಿಂತ ನಿಧಾನದ ಕೆಲಸ.
ಹಲಗೆ ಹಲಗೆಗೂ ಹಲ್ಲಿನ ಸಹಿ.
ಇದು ಬಾರ್ಲೋ ಕಡಿದದ್ದು,
ಮುಂದಾಳಿನ ಜಾಗ ಇನ್ನೊಬ್ಬನಿಗೆ ಹೋದ ವಾರ.
ಇದು ಜುನಿ,
ಮರಿ ಹಾಕುವ ಹಿಂದಿನ ರಾತ್ರಿ; ಆ ಮರಿಗಳಲ್ಲೊಬ್ಬ ಟಸ್ಕ್.
ಸೀಳಿನಲ್ಲಿ ಸಿಕ್ಕ ಅವಳ ಬೂದುಗೂದಲು
ಊದಿದರೂ ಹಾರಲಿಲ್ಲ.
ಹಾಗೇ ಒಳಮುಖ ಮಾಡಿ ಹೊಡೆದೆ.

ಗಿಡ್ಡ ಹಲಗೆಗಳಿಗೆ ಗಿಡ್ಡ ಹಲಗೆ ಕೂಡಿಸಿ
ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಎತ್ತರ.
ಟ್ರಕ್ಕಿನಿಂದ ಇಳಿದ ಓರಿನ್ ಟೋಪಿ ತೆಗೆದ:
"ಯಾರು ಹೋದರು?"
"ಹೋದವರಿಲ್ಲ. ಮೂಲಂಗಿ ಬರುತ್ತಿದೆ."
ನಗದೆ ಗೊಬ್ಬರ ಇಳಿಸಿದ,
ಅವನ ಎರಡು ಕುದುರೆಗಳು ಚಳಿಗಾಲವಿಡೀ
ತಿಂದು ಕೂಡಿಟ್ಟ ಗಂಟು.

ತಳಕ್ಕೆ ಕೊಳೆತ ಬರ್ಚ್ ದಿಮ್ಮಿ,
ಹಿಡಿದರೆ ಹಳೆಯ ಬ್ರೆಡ್ಡಿನಂತೆ ಮುರಿಯುವಂಥದು.
ಮೇಲೆ ಹೋದ ವರ್ಷದ ಎಲೆ, ಕುದುರೆಯ ಗಂಟು,
ಹೊಳೆದಂಡೆಯ ಮೆಕ್ಕಲು.
ನಲವತ್ತು ಬಕೆಟ್ಟಿನವರೆಗೆ ನಾನು ಎಣಿಸಿದೆ,
ಆಮೇಲೆ ಮೊಣಕಾಲು ಎಣಿಸತೊಡಗಿತು.
ಬಂಡಿಯ ಹಿಂದೆ ಓಡಿ ಸವೆದ ಮೊಣಕಾಲು;
ಇದು ನಿಂತ ವರ್ಷವೇ ಬಂಡಿಯೂ ನಿಂತದ್ದು.

ವಾರ ಬಿಟ್ಟು ಕೈಯಿಟ್ಟೆ.
ಬೆಚ್ಚಗೆ.
ಹೊರಗೆ ರಾತ್ರಿ ಹನ್ನೊಂದರ ಬಿಸಿಲು, ಒಳಗೆ ಗೊಬ್ಬರದ ಕಾವು.
ಮೊಣಕೈವರೆಗೆ ಇಳಿಸಿ ನಿಂತೇ ಇದ್ದೆ,
ನಾದಲು ಕೂತು ಹಿಟ್ಟನ್ನು ಮರೆತವಳಂತೆ.
ಇಪ್ಪತ್ತಾರು ವರ್ಷದಲ್ಲಿ ಈ ನೆಲ ಒಮ್ಮೆಯೂ
ನನ್ನ ಕೈಯನ್ನು ಹೀಗೆ ಹಿಡಿದುಕೊಂಡಿರಲಿಲ್ಲ.

ಮೂಸ್ ಬಂದು ಮೂಸದಂತೆ ಬಲೆ ಬಿಗಿದೆ.
ಜೂನ್ ಒಂದಕ್ಕೆ ಬೀಜ: ಬಟಾಣಿ, ಟರ್ನಿಪ್, ಕೋಸು,
ಓರಿನ್‌ಗೆ ಮಾತು ಕೊಟ್ಟ ಮೂಲಂಗಿ.
ದಾರ ಹಿಡಿದು ಸಾಲು, ಸಾಲಿಗೊಂದು ಕಡ್ಡಿ.

ಮರುದಿನ ನೋಡಿದರೆ ಬಲೆಯ ಒಂದು ಮೂಲೆ ಎದ್ದಿದೆ.
ಮಡಿಯ ನಡುವೆ, ಕೋಸಿನ ಸಾಲಿನ ಮೇಲೆ
ಗುಳಿ ತೋಡಿಕೊಂಡು, ಬಾಲ ಸುತ್ತಿಕೊಂಡು, ಟಸ್ಕ್.
ಮನೆಯ ಒಂದು ಮೆಟ್ಟಿಲಿಗೂ ಎತ್ತಿಕೋ ಎನ್ನುವವನು
ಎರಡಡಿ ಹೇಗೆ ಹತ್ತಿದನೋ.
ಬೈಯಲು ಬಾಯಿ ತೆರೆದೆ.
ಗುಳಿ ಅಂಚಿನವರೆಗೆ ಹೋಗಿತ್ತು,
ಮೂಗು ಒಂದು ಹಲಗೆಗೆ ಒತ್ತಿಕೊಂಡಿತ್ತು.
ಯಾವ ಹಲಗೆ ಎಂದು ನಾನು ಬಗ್ಗಿ ನೋಡಲಿಲ್ಲ.

ಈಗ ಜುಲೈ. ಬಟಾಣಿ ಬಲೆ ಹತ್ತಿದೆ,
ಟರ್ನಿಪ್ಪಿನ ಎಲೆ ನನ್ನ ಮುಖಕ್ಕಿಂತ ಅಗಲ.
ನಡುವೆ ಒಂದು ಬೋಳು, ನಾಯಿಯಷ್ಟು.
"ಅಲ್ಲೇನು ಹಾಕಿದ್ದೆ, ಹುಟ್ಟಲಿಲ್ಲವೆ?" ಓರಿನ್ ಕೇಳಿದ,
ಮೂಲಂಗಿ ಕಡಿಯುತ್ತ, ಮಣ್ಣನ್ನೂ ಒರೆಸದೆ.
"ಸಂಜೆಗೆ ಬಾ, ಬಂದಿರುತ್ತದೆ."

ಎರಡನೆಯ ಮಡಿ ಕಟ್ಟಬೇಕು, ಆಲೂಗೆಡ್ಡೆಗೆ.
ಹಲಗೆ ಮುಗಿದಿದೆ.
ಹನ್ನೊಂದನೆಯ ಗೂಡಿನಲ್ಲಿ ಈಗ ಯಾರೂ ಮಲಗುವುದಿಲ್ಲ,
ಸುತ್ತಿಗೆ ಅದರ ಮೇಲೇ ಇದೆ.
ಟ್ರಕ್ಕಿಗೆ ಎಣ್ಣೆ ಹಾಕಿಸಿದ್ದೇನೆ.
ಎಪ್ಪತ್ತು ಮೈಲಿ. ಬೆಲೆ ಏನಾದರೂ ಇರಲಿ.